ಇಪ್ಪತ್ತೊಂಬತ್ತು ಸ್ಥಾನಗಳ ಒಂದು ಸಂಖ್ಯೆ ಮತ್ತು ನಮ್ಮ ಓದು

ಜೈನ ಶಾಸ್ತ್ರಗ್ರಂಥಗಳಲ್ಲಿ ಬರುವ ಬೃಹತ್ ಸಂಖ್ಯೆಗಳನ್ನು ಕಂಡಾಗ ನಮ್ಮ ಸಾಹಿತ್ಯದ ವಿದ್ಯಾರ್ಥಿಗಳು ಎರಡು ಬಗೆಯಲ್ಲಿ ಪ್ರತಿಕ್ರಿಯಿಸುತ್ತಾರೆ. ಕೆಲವರು ಅದನ್ನು ಅತಿಶಯೋಕ್ತಿ ಎಂದು ಬದಿಗಿಡುತ್ತಾರೆ. ಇನ್ನು ಕೆಲವರು ಇಂದಿನ ವಿಜ್ಞಾನವೆಲ್ಲ ನಮ್ಮ ಹಿರಿಯರಿಗೆ ಆಗಲೇ ತಿಳಿದಿತ್ತು ಎಂದು ಹೆಮ್ಮೆಪಡುತ್ತಾರೆ. ಈ ಎರಡು ನಿಲುವುಗಳಲ್ಲಿಯೂ ಒಂದು ಕೊರತೆ ಸಮಾನವಾಗಿದೆ: ಗ್ರಂಥದಲ್ಲಿರುವ ಸಂಖ್ಯೆಯನ್ನು ಯಾರೂ ಲೆಕ್ಕ ಹಾಕಿ ನೋಡುವುದಿಲ್ಲ. ಛಂದಸ್ಸನ್ನು ಗಣ ವಿಂಗಡಿಸಿ ಪರೀಕ್ಷಿಸುವ ನಾವು, ಶಬ್ದರೂಪವನ್ನು ವ್ಯಾಕರಣದಿಂದ ಪರೀಕ್ಷಿಸುವ ನಾವು, ಸಂಖ್ಯೆ ಬಂದೊಡನೆ ಪರೀಕ್ಷೆಯನ್ನು ಕೈಬಿಡುತ್ತೇವೆ. ಇದು ಓದಿನ ದೋಷವೆಂದು ನನ್ನ ಅಭಿಪ್ರಾಯ. ಲೆಕ್ಕವೂ ಪಠ್ಯದ ಅಂಗವೇ; ಅದನ್ನು ಬಿಟ್ಟು ಓದಿದರೆ ಪಠ್ಯ ಅಪೂರ್ಣವಾಗಿ ಉಳಿಯುತ್ತದೆ. ಇದನ್ನು ಒಂದೇ ಒಂದು ಸಂಖ್ಯೆಯ ಮೂಲಕ ತೋರಿಸಬಹುದು.

ಆ ಸಂಖ್ಯೆ ಇದು: 79228162514264337593543950336.

ಇದು ಇರುವುದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ. ನೇಮಿಚಂದ್ರನು ಹತ್ತನೆಯ ಶತಮಾನದ ಉತ್ತರಾರ್ಧದವನು; ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರು. ‘ಗೊಮ್ಮಟ’ ಎಂಬುದು ಚಾವುಂಡರಾಯನದೇ ಹೆಸರು. ಗ್ರಂಥಕ್ಕೂ ಆ ಹೆಸರೇ ಬಂದಿದೆ. ಗ್ರಂಥ ಪ್ರಾಕೃತದ್ದಾದರೂ ಅದರ ಹಿನ್ನೆಲೆ ಗಂಗರ ಕಾಲದ ಕರ್ನಾಟಕ. ಅಲ್ಲಿ ಪರ್ಯಾಪ್ತ ಮನುಷ್ಯರ, ಎಂದರೆ ದೇಹೇಂದ್ರಿಯಾದಿ ಪರ್ಯಾಪ್ತಿಗಳು ಪೂರ್ಣಗೊಂಡ ಮನುಷ್ಯಜೀವಗಳ ಒಟ್ಟು ಪ್ರಮಾಣವನ್ನು ಹೇಳುವಾಗ ಆಚಾರ್ಯನು ಅದನ್ನು ‘ಐದನೆಯ ವರ್ಗದ ಘನ’ ಎನ್ನುತ್ತಾನೆ. ಅದರ ಮುಂದಿನ ಗಾಥೆಯಲ್ಲಿ ಅದೇ ಪ್ರಮಾಣದ ಇಪ್ಪತ್ತೊಂಬತ್ತು ಅಂಕಗಳನ್ನೂ ಅಕ್ಷರಗಳಲ್ಲಿ ಪೋಣಿಸಿ ಕೊಡುತ್ತಾನೆ. ಒಂದು ಗಾಥೆ ಸೂತ್ರವನ್ನು ಹೇಳುತ್ತದೆ, ಇನ್ನೊಂದು ಉತ್ತರವನ್ನು ಹೇಳುತ್ತದೆ. ಎರಡನ್ನೂ ತಾಳೆ ನೋಡುವ ಕೆಲಸ ಓದುಗರದು.

ಮೊದಲು ಸೂತ್ರವನ್ನು ನೋಡೋಣ. ಎರಡರಿಂದ ಹೊರಟು ಪ್ರತಿಯೊಂದು ಫಲವನ್ನೂ ಅದರಿಂದಲೇ ಗುಣಿಸುತ್ತ ಹೋಗುವ ಕ್ರಮಕ್ಕೆ ಜೈನ ಗಣಿತದಲ್ಲಿ ದ್ವಿರೂಪವರ್ಗಧಾರೆ ಎಂದು ಹೆಸರು. ಎರಡರ ವರ್ಗ 4; ಇದು ಮೊದಲನೆಯ ವರ್ಗ. ನಾಲ್ಕರ ವರ್ಗ 16, ಅದರ ವರ್ಗ 256, ಅದರ ವರ್ಗ 65536. ಇದು ನಾಲ್ಕನೆಯದು; ಪ್ರಾಕೃತದಲ್ಲಿ ಇದಕ್ಕೆ ‘ಪಣ್ಣಟ್ಠಿ’ ಎಂದೇ ಹೆಸರು. ಐದನೆಯ ವರ್ಗ 4294967296. ಇದರ ಹೆಸರು ‘ಬಾದಾಲ’. ಆರನೆಯ ವರ್ಗ 18446744073709551616, ಇದು ‘ಏಕಟ್ಠಿ’. ಚದುರಂಗದ ಮನೆಮನೆಗೂ ಧಾನ್ಯದ ಕಾಳನ್ನು ಇಮ್ಮಡಿಸುತ್ತ ಹೋಗುವ ಕತೆಯನ್ನು ಕೇಳದವರಿಲ್ಲ. ಆ ಅರುವತ್ತನಾಲ್ಕು ಮನೆಗಳ ಕಾಳುಗಳ ಒಟ್ಟು ಮೊತ್ತ ಏಕಟ್ಠಿಗಿಂತ ಒಂದು ಮಾತ್ರ ಕಡಿಮೆ. ಪದೇಪದೇ ಬಳಕೆಗೆ ಬೇಕಾದ ಸಂಖ್ಯೆಗಳಿಗೆ ಜನ ಹೆಸರಿಡುತ್ತಾರೆ. ಬಾದಾಲ, ಏಕಟ್ಠಿ ಎಂಬ ಹೆಸರುಗಳು ಇವೆಯೆಂದರೆ ಈ ಸಂಖ್ಯೆಗಳನ್ನು ಎತ್ತಿಕೊಂಡು ಕೆಲಸ ಮಾಡುವವರ ಒಂದು ಪರಂಪರೆ ಇತ್ತೆಂದೇ ಅರ್ಥ.

ಬಾದಾಲವನ್ನು ಘನಮಾಡಿದರೆ ನಮ್ಮ ಸಂಖ್ಯೆ ಬರುತ್ತದೆ. ಬಾದಾಲದ ವರ್ಗವೇ ಏಕಟ್ಠಿಯಾದುದರಿಂದ, ಏಕಟ್ಠಿಯನ್ನು ಬಾದಾಲದಿಂದ ಗುಣಿಸಿದರೂ ಅದೇ ಬರುತ್ತದೆ. ಇಂದಿನ ಬರವಣಿಗೆಯಲ್ಲಿ ಹೇಳುವುದಾದರೆ ಇದು 2ರ 96ನೆಯ ಘಾತ. ಹತ್ತು ಅಂಕಗಳ ಬಾದಾಲವನ್ನು ಅದರಿಂದಲೇ ಗುಣಿಸಲು ಬಿಡಿ ಅಂಕಗಳ 100 ಗುಣಾಕಾರಗಳು ಬೇಕು. ಇಪ್ಪತ್ತು ಅಂಕಗಳ ಏಕಟ್ಠಿಯನ್ನು ಬಾದಾಲದಿಂದ ಗುಣಿಸಲು 200 ಬೇಕು. ಇದು ಶ್ರಮದ ಕೆಲಸ, ಆದರೆ ಅಸಾಧ್ಯವಾದುದಲ್ಲ. ತಾಳ್ಮೆಯುಳ್ಳ ವಿದ್ಯಾರ್ಥಿ ಒಂದು ಮಧ್ಯಾಹ್ನದಲ್ಲಿ ಕಾಗದದ ಮೇಲೆ ಮಾಡಿ ಮುಗಿಸಬಹುದು.

ಈ ಸಂಖ್ಯೆಯ ಗುಣಗಳನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಸುಲಭವಾಗಿ ಗ್ರಹಿಸಬಹುದು. ಎರಡರ ಹತ್ತನೆಯ ಘಾತ 1024, ಎಂದರೆ ಸಾವಿರಕ್ಕಿಂತ ತುಸು ಹೆಚ್ಚು. ತೊಂಬತ್ತಾರರಲ್ಲಿ ಇಂಥ ಒಂಬತ್ತು ಹತ್ತುಗಳೂ ಮೇಲೆ ಆರೂ ಇವೆ. ಎರಡರ ಆರನೆಯ ಘಾತ 64. ಆದ್ದರಿಂದ ನಮ್ಮ ಸಂಖ್ಯೆ 64ರ ಮುಂದೆ ಇಪ್ಪತ್ತೇಳು ಸೊನ್ನೆಗಳನ್ನಿಟ್ಟ ಸಂಖ್ಯೆಗಿಂತ ಸ್ವಲ್ಪ ದೊಡ್ಡದಿರಬೇಕು. ಎಂದರೆ ಇಪ್ಪತ್ತೊಂಬತ್ತು ಸ್ಥಾನ. ಗಾಥೆ ಕೊಡುವುದೂ ಅಷ್ಟನ್ನೇ. ಎರಡರ ಘಾತಗಳ ಕೊನೆಯ ಅಂಕ 2, 4, 8, 6 ಎಂಬ ಸರದಿಯಲ್ಲಿ ತಿರುಗುತ್ತದೆ. ತೊಂಬತ್ತಾರು ನಾಲ್ಕರಿಂದ ಭಾಗವಾಗುವುದರಿಂದ ಕೊನೆಯ ಅಂಕ 6 ಆಗಬೇಕು, ಹಾಗೆಯೇ ಇದೆ. ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 97. ತನ್ನನ್ನು ಬಿಟ್ಟು ಉಳಿದ 96 ಭಾಜಕಗಳನ್ನು ಕೂಡಿಸಿದರೆ ತನಗಿಂತ ಒಂದು ಮಾತ್ರ ಕಡಿಮೆಯಾಗುತ್ತದೆ. ಇದು ಏಕಕಾಲಕ್ಕೆ ಪೂರ್ಣವರ್ಗವೂ ಹೌದು, ಪೂರ್ಣಘನವೂ ಹೌದು.

ಇವೆಲ್ಲಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಇದನ್ನು ಅರ್ಧಿಸುತ್ತ ಹೋದರೆ ಎಲ್ಲಿಯೂ ಬೆಸಸಂಖ್ಯೆ ಅಡ್ಡಬಾರದೆ, ತೊಂಬತ್ತಾರನೆಯ ಬಾರಿಗೆ ಸರಿಯಾಗಿ ಒಂದು ಉಳಿಯುತ್ತದೆ. ಹೀಗೆ ಎಷ್ಟು ಬಾರಿ ಅರ್ಧಿಸಬಹುದೆಂಬ ಎಣಿಕೆಗೆ ಜೈನ ಗಣಿತದಲ್ಲಿ ‘ಅರ್ಧಚ್ಛೇದ’ ಎಂಬ ಪಾರಿಭಾಷಿಕ ಪದವಿದೆ. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯನು ಧವಲಾ ಟೀಕೆಯಲ್ಲಿ ಇದನ್ನು ವಿಸ್ತಾರವಾಗಿ ಬಳಸಿದ್ದಾನೆ. ಎರಡು ರಾಶಿಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳು ಕೂಡುತ್ತವೆ ಎಂಬ ನಿಯಮ ಅವರಿಗೆ ತಿಳಿದಿತ್ತು. ಏಕಟ್ಠಿಯ ಅರ್ಧಚ್ಛೇದ 64, ಬಾದಾಲದ್ದು 32, ಗುಣಲಬ್ಧದ್ದು 96. ಗಣಿತದ ವಿದ್ಯಾರ್ಥಿಗಳು ಇದರಲ್ಲಿ ಎರಡನ್ನು ಆಧಾರವಾಗಿಟ್ಟುಕೊಂಡ ಲಾಗರಿದಮ್ಮಿನ ನಿಯಮವನ್ನು ಗುರುತಿಸುತ್ತಾರೆ.

ಶ್ವೇತಾಂಬರ ಪರಂಪರೆಯ ಅನುಯೋಗದ್ವಾರಸೂತ್ರದಲ್ಲಿಯೂ ಇದೇ ಪ್ರಮಾಣ ಬರುತ್ತದೆ. ಗರ್ಭಜ ಮನುಷ್ಯರ ಕನಿಷ್ಠಸಂಖ್ಯೆಯನ್ನು ಹೇಳುವಾಗ ಅದು ಇಪ್ಪತ್ತೊಂಬತ್ತು ಸ್ಥಾನಗಳೆಂದೂ, ಐದನೆಯ ವರ್ಗದಿಂದ ಗುಣಿತವಾದ ಆರನೆಯ ವರ್ಗವೆಂದೂ, ತೊಂಬತ್ತಾರು ಛೇದಗಳನ್ನು ಕೊಡುವ ರಾಶಿಯೆಂದೂ ಬಗೆಬಗೆಯಾಗಿ ವರ್ಣಿಸುತ್ತದೆ. ಮೇಲುನೋಟಕ್ಕೆ ಇದು ಪುನರುಕ್ತಿಯಂತೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿದರೆ ಇದರ ಪ್ರಯೋಜನ ತಿಳಿಯುತ್ತದೆ. ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆಗಳು ಎಣಿಕೆಗೆ ಸಿಗದಷ್ಟಿವೆ; ಆದರೆ ಅವುಗಳಲ್ಲಿ ತೊಂಬತ್ತಾರು ಬಾರಿ ಅರ್ಧಿಸಲು ಬರುವುದು ಇದೊಂದೇ. ಇದರ ಇಮ್ಮಡಿ ಆಗಲೇ ಮೂವತ್ತು ಅಂಕಗಳಿಗೆ ಏರುತ್ತದೆ. ಸ್ಥಾನವನ್ನೂ ಛೇದವನ್ನೂ ಒಟ್ಟಿಗೆ ಹೇಳಿದ ಮೇಲೆ ಬೇರೆ ಯಾವ ಸಂಖ್ಯೆಗೂ ಅಲ್ಲಿ ಎಡೆಯಿಲ್ಲ.

ಇನ್ನು ಅಕ್ಷರಗಳ ಗಾಥೆ. ಇಲ್ಲಿ ಬಳಕೆಯಾಗಿರುವುದು ಕಟಪಯಾದಿ ಪದ್ಧತಿ. ಕ-ದಿಂದ ಝ-ವರೆಗೆ ಒಂದರಿಂದ ಒಂಬತ್ತು, ಟ-ದಿಂದ ಧ-ವರೆಗೆ ಮತ್ತೆ ಒಂದರಿಂದ ಒಂಬತ್ತು, ಪ-ದಿಂದ ಮ-ವರೆಗೆ ಒಂದರಿಂದ ಐದು, ಯ-ದಿಂದ ಹ-ವರೆಗೆ ಒಂದರಿಂದ ಎಂಟು. ಞ ಮತ್ತು ನ ಸೊನ್ನೆ. ಅಂಕಗಳನ್ನು ಬಿಡಿಸ್ಥಾನದಿಂದ ಮೇಲಕ್ಕೆ, ಎಂದರೆ ಬಲದಿಂದ ಎಡಕ್ಕೆ ಜೋಡಿಸಬೇಕು. ಕರ್ನಾಟಕ ಸಂಗೀತವನ್ನು ಬಲ್ಲವರಿಗೆ ಇದು ಹೊಸದಲ್ಲ: ‘ಧೀರಶಂಕರಾಭರಣ’ ಎಂಬಲ್ಲಿ ಧೀ ಎಂದರೆ 9, ರ ಎಂದರೆ 2, ತಿರುಗಿಸಿದರೆ 29, ಅದೇ ಆ ಮೇಳದ ಕ್ರಮಾಂಕ. ನೇಮಿಚಂದ್ರನ ಗಾಥೆ ತ-ಕಾರದಿಂದ ಆರಂಭವಾಗುತ್ತದೆ. ಅದು 6, ಬಿಡಿಸ್ಥಾನದ ಅಂಕ. ಇಪ್ಪತ್ತೊಂಬತ್ತನೆಯ ಅಕ್ಷರ ಸಾ. ಅದು 7, ಎಲ್ಲಕ್ಕಿಂತ ಮೇಲಿನ ಸ್ಥಾನದ ಅಂಕ. ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಹೆಸರಿಸಿದ ಸ್ಥಾನಗಳು ಇಪ್ಪತ್ತನಾಲ್ಕು, ಕೊನೆಯದು ಮಹಾಕ್ಷೋಭ. ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆಯನ್ನು ಹೇಳಲು ಆ ಹೆಸರುಗಳು ಸಾಲುವುದಿಲ್ಲ. ಅಕ್ಷರಪದ್ಧತಿಗೆ ಇಂಥ ಮಿತಿಯಿಲ್ಲ. ಜತೆಗೆ ಅದು ಬಾಯಿಪಾಠಕ್ಕೂ ಒದಗುತ್ತದೆ.

ಪಠ್ಯವಿಮರ್ಶೆಯ ದೃಷ್ಟಿಯಿಂದ ಗಾಥೆಯ ಒಂದು ಅಕ್ಷರವನ್ನು ಪರಿಶೀಲಿಸೋಣ. ಅದರಲ್ಲಿ ‘ಸಿಲಾ’ ಎಂಬ ಪದ ಬರುತ್ತದೆ. ಸಂಸ್ಕೃತದ ‘ಶಿಲಾ’ ಶಬ್ದದ ಪ್ರಾಕೃತ ರೂಪವದು. ಸಂಸ್ಕೃತ ಬಲ್ಲ ಲಿಪಿಕಾರನೊಬ್ಬ ಅದನ್ನು ತಪ್ಪೆಂದು ಭಾವಿಸಿ ‘ಶಿಲಾ’ ಎಂದು ತಿದ್ದಿದನೆಂದು ಇಟ್ಟುಕೊಳ್ಳೋಣ. ಅರ್ಥ ಕೆಡುವುದಿಲ್ಲ, ಮಾತ್ರೆ ಕೆಡುವುದಿಲ್ಲ. ಛಂದಸ್ಸಿನಿಂದಾಗಲಿ ನಿಘಂಟಿನಿಂದಾಗಲಿ ಈ ತಿದ್ದುಪಡಿ ಸಿಕ್ಕಿಬೀಳುವುದಿಲ್ಲ. ಆದರೆ ಸ-ಕಾರದ ಬೆಲೆ 7, ಶ-ಕಾರದ್ದು 5. ಅದು ಹದಿಮೂರನೆಯ ಸ್ಥಾನದ ಅಕ್ಷರವಾದುದರಿಂದ ಸಂಖ್ಯೆಯಲ್ಲಿ ಎರಡು ಲಕ್ಷ ಕೋಟಿ ಕಡಿಮೆಯಾಗುತ್ತದೆ. ಹೀಗೆ ಕೆಟ್ಟ ಸಂಖ್ಯೆಯನ್ನು ಅರ್ಧಿಸುತ್ತ ಹೋದರೆ ಹದಿಮೂರು ಬಾರಿ ಮಾತ್ರ ಭಾಗವಾಗಿ, ಅನಂತರ ಬೆಸಸಂಖ್ಯೆ ಎದುರಾಗಿ ಲೆಕ್ಕ ನಿಲ್ಲುತ್ತದೆ. ಪ್ರಾಕೃತ ಪಾಠವೇ ಮೂಲವೆಂಬುದಕ್ಕೆ ಇಲ್ಲಿ ಗಣಿತವೇ ಸಾಕ್ಷಿ. ಈ ಗಾಥೆಯ ಪ್ರಾಕೃತದಲ್ಲಿ ಶ-ಕಾರಕ್ಕೆ ಎಡೆಯಿಲ್ಲ. ಸಂಖ್ಯೆಯಲ್ಲಿ ನಾಲ್ಕು ಬಾರಿ ಬರುವ ಐದನ್ನು ಆಚಾರ್ಯನು ನಾಲ್ಕೂ ಕಡೆ ಮ-ಕಾರದಿಂದಲೇ ಸೂಚಿಸಿದ್ದಾನೆ.

ಅಂಕಗಳನ್ನು ಕೂಡಿಸಿ ನೋಡುವ ಸುಲಭ ಪರೀಕ್ಷೆಯೂ ಒಂದಿದೆ. ಇಪ್ಪತ್ತೊಂಬತ್ತು ಅಂಕಗಳ ಮೊತ್ತ 127. ಅದರ ಅಂಕಗಳನ್ನು ಕೂಡಿಸಿದರೆ 10, ಮತ್ತೆ ಕೂಡಿಸಿದರೆ 1. ಬಾದಾಲದ ಅಂಕಗಳನ್ನು ಹೀಗೆಯೇ ಕೂಡಿಸಿದರೆ 4. ನಾಲ್ಕರ ಘನ 64, ಅದು ಕುಗ್ಗಿ 10, ಕೊನೆಗೆ 1. ಎರಡೂ ಹೊಂದುತ್ತವೆ. ಎರಡು ಅಕ್ಷರಗಳು ಹಿಂದುಮುಂದಾದರೆ ಮಾತ್ರ ಈ ಪರೀಕ್ಷೆಗೆ ಅದು ತಿಳಿಯುವುದಿಲ್ಲ, ಏಕೆಂದರೆ ಮೊತ್ತ ಬದಲಾಗುವುದಿಲ್ಲ. ಅರ್ಧಚ್ಛೇದದ ಪರೀಕ್ಷೆಗೆ ಅದೂ ತಿಳಿಯುತ್ತದೆ.

ಇದಕ್ಕೆ ಸಮಾನವಾದ ಇನ್ನೊಂದು ನಿದರ್ಶನ ರಾಷ್ಟ್ರಕೂಟ ಅಮೋಘವರ್ಷನ ಕಾಲದ ‘ಗಣಿತಸಾರಸಂಗ್ರಹ’ದಲ್ಲಿಯೇ ಇದೆ. ಅಲ್ಲಿಯ ಗುಣಾಕಾರದ ಲೆಕ್ಕಗಳಲ್ಲಿ ಕೆಲವು ಉತ್ತರಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಹಾರಗಳು. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಮೊದಲನೆಯದು 5291ರ ವರ್ಗ, ಎರಡನೆಯದು 21ರ ವರ್ಗ. ಹಾಗಾಗಿ ಉತ್ತರ 111111ರ ವರ್ಗ. 142857143ನ್ನು 7ರಿಂದ ಗುಣಿಸಿದರೆ 1000000001. ಇವು ರಂಜನೆಗಾಗಿ ಕಟ್ಟಿದವು, ನೇಮಿಚಂದ್ರನದು ಸಿದ್ಧಾಂತಕ್ಕಾಗಿ ಹೇಳಿದ್ದು. ಆದರೂ ಎರಡಕ್ಕೂ ಒಂದು ಸಾಮ್ಯವಿದೆ: ಒಂದು ಅಂಕ ತಪ್ಪಿದರೆ ಹಾರ ತುಂಡಾಗುತ್ತದೆ, ಸಂಪಾದಕನಿಗೆ ದೋಷ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಅತಿಶಯೋಕ್ತಿಯ ಆಕ್ಷೇಪವನ್ನು ಪರಿಶೀಲಿಸಬಹುದು. ಇಂದು ಭೂಮಿಯ ಮೇಲಿನ ಜನಸಂಖ್ಯೆ 800 ಕೋಟಿಯನ್ನು ದಾಟಿದೆ. ಅದು ಹತ್ತು ಅಂಕಗಳ ಸಂಖ್ಯೆ. ಇಪ್ಪತ್ತೊಂಬತ್ತು ಅಂಕಗಳ ಮನುಷ್ಯರಾಶಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. ಗ್ರಂಥ ಹೇಳುವುದು ಎರಡೂವರೆ ದ್ವೀಪಗಳ, ನಲವತ್ತೈದು ಲಕ್ಷ ಯೋಜನ ವ್ಯಾಸದ ಮನುಷ್ಯಕ್ಷೇತ್ರವನ್ನು. ಅದನ್ನು ಇಂದಿನ ಜನಗಣತಿಯೊಂದಿಗೆ ಹೋಲಿಸುವುದು ಆ ಲೋಕವರ್ಣನೆಯನ್ನು ಅರಿಯುವ ದಾರಿಯಲ್ಲ; ಜನಗಣತಿಯಿಂದ ಅದನ್ನು ಸಮರ್ಥಿಸಲೂ ಬರುವುದಿಲ್ಲ. ಸಾಹಿತ್ಯದ ಓದುಗರು ಕೇಳಬೇಕಾದ ಪ್ರಶ್ನೆ ಬೇರೆ: ಈ ವ್ಯವಸ್ಥೆಯೊಳಗೆ ಈ ಸಂಖ್ಯೆಯ ಕೆಲಸವೇನು?

ಜೈನ ಗಣಿತ ರಾಶಿಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸುತ್ತದೆ. ಒಟ್ಟಾರೆ ನಾರಕರೂ ದೇವರೂ ಅಸಂಖ್ಯಾತರು. ತಿರ್ಯಂಚ ಜೀವಗಳು ಅನಂತ. ಅಪರ್ಯಾಪ್ತರನ್ನು ಕೂಡಿಸಿಕೊಂಡರೆ ಮನುಷ್ಯರಾಶಿಯೂ ಅಸಂಖ್ಯಾತವೇ. ಪರ್ಯಾಪ್ತ ಮನುಷ್ಯರು ಮಾತ್ರ ಸಂಖ್ಯಾತರು, ಎಂದರೆ ಅಂಕಗಳಲ್ಲಿ ಬರೆದು ಮುಗಿಸಬಹುದಾದವರು. ಮನುಷ್ಯಜನ್ಮ ದುರ್ಲಭ ಎಂಬ ಮಾತನ್ನು ನಮ್ಮ ಕವಿಗಳು ನೂರು ಬಗೆಯಲ್ಲಿ ಹೇಳಿದ್ದಾರೆ. ಸಿದ್ಧಾಂತಗ್ರಂಥ ಅದನ್ನೇ ಗಣಿತದಲ್ಲಿ ಹೇಳುತ್ತದೆ: ಎಣಿಕೆಗೆ ನಿಲುಕದ ಜೀವರಾಶಿಗಳ ನಡುವೆ ಮೋಕ್ಷಸಾಧನೆಗೆ ಒದಗುವ ಈ ರಾಶಿ ಎಣಿಸಬಹುದಾದಷ್ಟು ಚಿಕ್ಕದು. ನಮಗೆ ಬೃಹತ್ತಾಗಿ ಕಾಣುವ ಸಂಖ್ಯೆಯನ್ನು ಆಚಾರ್ಯನು ಹೇಳಿದ್ದು ಅಲ್ಪತೆಯನ್ನು ಸೂಚಿಸಲು. ಅತಿಶಯೋಕ್ತಿ ಎನ್ನುವವರು ಇದನ್ನು ತಲೆಕೆಳಗಾಗಿ ಓದುತ್ತಿದ್ದಾರೆ.

ಹೆಮ್ಮೆಯ ಓದಿನಲ್ಲಿಯೂ ಅಪಾಯವಿದೆ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವ್ಯವಸ್ಥೆಯಲ್ಲಿ ‘ಡೆಸಿಮಲ್’ ಎಂಬ ಸಂಖ್ಯಾಪ್ರಕಾರದ ಗರಿಷ್ಠ ಬೆಲೆ 79228162514264337593543950335. ಮಣಿಪಾಲದಲ್ಲಿ ಗಣಕವಿಜ್ಞಾನ ಓದುವ ವಿದ್ಯಾರ್ಥಿಗಳು ಇದನ್ನು ತಮ್ಮ ಪರದೆಯ ಮೇಲೆ ನೋಡಬಹುದು. ಗೊಮ್ಮಟಸಾರದ ಸಂಖ್ಯೆಗಿಂತ ಇದು ಸರಿಯಾಗಿ ಒಂದು ಕಡಿಮೆ. ಅಲ್ಲಿ ಮೂವತ್ತೆರಡು ಬಿಟ್‌ಗಳ ಮೂರು ಭಾಗಗಳು ಸೇರಿ ತೊಂಬತ್ತಾರು ಆಗುತ್ತವೆ; ಬಾದಾಲದ ಘನವೂ ಅದೇ. ಇದನ್ನು ಕಂಡೊಡನೆ ಗಣಕಯಂತ್ರ ನಮ್ಮಲ್ಲಿ ಆಗಲೇ ಇತ್ತೆಂದು ಹೇಳಹೊರಡುವುದು ಸಂಶೋಧನೆಯಲ್ಲ. ಎರಡೆರಡಾಗಿ ಬೆಳೆಸುವ ಕ್ರಮವನ್ನು ಯಾರು ಎಲ್ಲಿ ಅನುಸರಿಸಿದರೂ ಸಂಖ್ಯೆ ಇದೇ ಬರುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತೆನ್ನಲು ಈ ಸಾಮ್ಯ ಆಧಾರವಾಗದು. ಆದರೆ ಹತ್ತನೆಯ ಶತಮಾನದ ಗಾಥೆಯೊಂದು ಲೆಕ್ಕದಲ್ಲಿ ಒಂದಂಕಿಯೂ ತಪ್ಪದೆ ನಮ್ಮವರೆಗೆ ಬಂದಿದೆ ಎಂಬುದಕ್ಕೆ ಅದು ಒಳ್ಳೆಯ ದೃಢೀಕರಣ. ಅಷ್ಟನ್ನು ಹೇಳಿದರೆ ಸಾಕು, ಅದೇ ಸಣ್ಣ ಮಾತಲ್ಲ.

ಕನ್ನಡದವರಾದ ನಾವು ಈ ಗಾಥೆಗೆ ಇನ್ನೊಂದು ಕಾರಣದಿಂದ ಋಣಿಗಳು. ಗೊಮ್ಮಟಸಾರಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ರಚಿಸಿದನು. ಸಂಸ್ಕೃತದ ‘ಜೀವತತ್ತ್ವಪ್ರದೀಪಿಕೆ’ ಈ ಕನ್ನಡ ವೃತ್ತಿಯನ್ನು ಅನುಸರಿಸಿ ಹುಟ್ಟಿದ್ದೆಂಬುದನ್ನು ಆ. ನೇ. ಉಪಾಧ್ಯೆ ತೋರಿಸಿಕೊಟ್ಟರು. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲ ಆ ಸಂಸ್ಕೃತ ಟೀಕೆಯ ಆಧಾರದಿಂದ ಢೂಂಢಾರಿ ಭಾಷೆಯಲ್ಲಿ ವ್ಯಾಖ್ಯಾನ ಬರೆದನು. ಹೀಗೆ ಉತ್ತರಭಾರತದ ಜೈನರು ಗೊಮ್ಮಟಸಾರವನ್ನು ಓದಿದ ದಾರಿ ಕನ್ನಡದ ಮೂಲಕ ಸಾಗಿದೆ. ಭಾರತೀಯ ಜ್ಞಾನಪೀಠ ಈ ಕನ್ನಡ ವೃತ್ತಿಯನ್ನು ಪ್ರಕಟಿಸಿದಾಗ ಅದು ಬಂದದ್ದು ನಾಗರಿ ಲಿಪಿಯಲ್ಲಿ. ಹದಿನಾಲ್ಕನೆಯ ಶತಮಾನದ ಶಾಸ್ತ್ರಗದ್ಯ, ಅದೂ ಗಣಿತವನ್ನು ವಿವರಿಸುವ ಕನ್ನಡ ಗದ್ಯ, ನಮ್ಮ ಸ್ನಾತಕೋತ್ತರ ತರಗತಿಗಳಲ್ಲಿ ಚರ್ಚೆಗೇ ಬರುವುದಿಲ್ಲ. ಗದ್ಯವೆಂದರೆ ವಡ್ಡಾರಾಧನೆ, ಚಾವುಂಡರಾಯಪುರಾಣ, ವಚನ ಎಂದು ಮುಗಿಸುತ್ತೇವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ದ ಹೆಸರನ್ನು ಸಾಹಿತ್ಯಚರಿತ್ರೆಯ ಟಿಪ್ಪಣಿಯಲ್ಲಿ ಬರೆಸಿ ಮುಂದೆ ಹೋಗುತ್ತೇವೆ.

ನಮ್ಮ ಕರಾವಳಿಯಲ್ಲಿ ಈ ಅಸಡ್ಡೆಗೆ ಸಮರ್ಥನೆಯಿಲ್ಲ. ಧವಲಾ ಟೀಕೆಯ ಪ್ರಾಕೃತ ಪಠ್ಯವನ್ನು ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಶತಮಾನಗಳ ಕಾಲ ಕಾಪಾಡಿದ್ದು ಕಾರ್ಕಳದ ನೆರೆಯ ಮೂಡಬಿದಿರೆ. 1939ರಿಂದ ಅದು ಮುದ್ರಣಗೊಂಡು ಲೋಕಕ್ಕೆ ದೊರೆತದ್ದು ಆ ಗರಿಗಳ ಬಲದಿಂದ. ಕಾರ್ಕಳದ ಗೊಮ್ಮಟನ ಶಾಸನ ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ ಎಂದು ಹೇಳುತ್ತದೆ. ಶಕವರ್ಷ, ಸಂವತ್ಸರ, ತಿಥಿ, ವಾರ ಒಂದನ್ನೊಂದು ಪರೀಕ್ಷಿಸುತ್ತವೆ. ಲೆಕ್ಕ ಹಾಕಿದರೆ 1432ರ ಫೆಬ್ರುವರಿ 13 ಬರುತ್ತದೆ, ಅಂದು ಬುಧವಾರವೇ. ಶಾಸನಗಳನ್ನು ಹೀಗೆ ಗಣನೆಯಿಂದ ಓದುವ ಕ್ರಮವನ್ನು ಮಂಜೇಶ್ವರದ ಗೋವಿಂದ ಪೈಗಳು ನಮಗೆ ಕಲಿಸಿಕೊಟ್ಟರು. ಉಡುಪಿಯಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೂ ಇದೆ. ಕವಿಯಾಗಿದ್ದವರು ಪಂಚಾಂಗದ ಗಣಿತವನ್ನು ತಮ್ಮದಲ್ಲವೆಂದು ದೂರವಿಡಲಿಲ್ಲ. ಶಾಸನದ ಕಾಲನಿರ್ಣಯದಲ್ಲಿ ನಾವು ಒಪ್ಪಿಕೊಂಡ ಈ ವಿಧಾನವನ್ನು ಗ್ರಂಥಪಾಠದಲ್ಲಿ ಏಕೆ ಒಪ್ಪಬಾರದು?

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಕೇಶವವರ್ಣಿಯ ವೃತ್ತಿಯಿಂದ ಆಯ್ದ ಭಾಗಗಳು ಕನ್ನಡ ಲಿಪಿಯಲ್ಲಿ, ಪಾರಿಭಾಷಿಕ ಪದಗಳ ಅರ್ಥದೊಡನೆ ಬರಬೇಕು. ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ ಕಟಪಯಾದಿಗೆ ಒಂದು ಪಾಠ ಮೀಸಲಾಗಬೇಕು. ಗಣಿತ ವಿಭಾಗದ ಸಹೋದ್ಯೋಗಿಯನ್ನು ವರ್ಷಕ್ಕೊಮ್ಮೆಯಾದರೂ ಕನ್ನಡ ತರಗತಿಗೆ ಕರೆಯಬೇಕು. ಸಂಶೋಧನಾರ್ಥಿಗಳು ಹಸ್ತಪ್ರತಿಯಲ್ಲಿ ಸಂಖ್ಯೆ ಎದುರಾದಲ್ಲಿ ಅದನ್ನು ನಕಲು ಮಾಡಿಕೊಂಡು ಸುಮ್ಮನಾಗದೆ ಲೆಕ್ಕ ಹಾಕಿ, ಹೊಂದಿದರೆ ಹೊಂದಿತೆಂದೂ ಹೊಂದದಿದ್ದರೆ ಎಷ್ಟರಿಂದ ತಪ್ಪಿತೆಂದೂ ಅಡಿಟಿಪ್ಪಣಿಯಲ್ಲಿ ದಾಖಲಿಸಬೇಕು. ಎಷ್ಟರಿಂದ ತಪ್ಪಿತೆಂಬುದು ಹಲವು ವೇಳೆ ಯಾವ ಅಕ್ಷರ ತಪ್ಪಿತೆಂಬುದನ್ನೂ ತೋರಿಸಿಕೊಡುತ್ತದೆ.

ಓಲೆಗರಿಗಳು ಹುಳು ಹಿಡಿದು ಹೋಗುತ್ತವೆ, ಲಿಪಿಕಾರರು ತಪ್ಪುತ್ತಾರೆ, ಅಚ್ಚಿನ ಮೊಳೆ ಜಾರುತ್ತದೆ. ಯಾವುದು ಮೂಲಪಾಠ ಎಂದು ಹೇಳಲು ನಮಗೆ ಅನೇಕ ಕಡೆ ಊಹೆಯೇ ಗತಿ. ಊಹೆಗೆ ಎಡೆಯಿಲ್ಲದಂತೆ ನಿರ್ಣಯವಾಗುವ ಸ್ಥಳಗಳು ಹಳೆಯ ಸಾಹಿತ್ಯದಲ್ಲಿ ಬಹಳ ಇಲ್ಲ. ಗೊಮ್ಮಟಸಾರದ ಈ ಗಾಥೆ ಅಂಥವುಗಳಲ್ಲಿ ಒಂದು. ತೊಂಬತ್ತಾರು ಬಾರಿ ಅರ್ಧಿಸಿ ಕೊನೆಗೆ ಒಂದು ಉಳಿಯಿತೆಂದರೆ ಪಾಠ ಶುದ್ಧ. ಇಷ್ಟು ಖಚಿತವಾದ ಸಾಧನವೊಂದು ಕೈಯಲ್ಲಿರುವಾಗ ಅದನ್ನು ಬಳಸದಿರುವುದು ವಿದ್ವತ್ತಿಗೆ ಶೋಭಿಸುವ ಮಾತಲ್ಲ.